ಮುರಿದ ಪ್ಲಾಸ್ಟಿಕ್ಕಿಗೆ ತಕ್ಕ ಅಂಟು

ಮನೆಯಲ್ಲಿ ಒಂದು ಪ್ಲಾಸ್ಟಿಕ್ ಸಾಮಾನು ಮುರಿಯಿತೆಂದರೆ ನಾವು ಅಂಗಡಿಗೆ ಹೋಗಿ ಕೇಳುವ ಮಾತು ಒಂದೇ: "ಎಲ್ಲಕ್ಕಿಂತ ಗಟ್ಟಿಯಾದ ಅಂಟು ಯಾವುದಿದೆ, ಕೊಡಿ." ಅಂಗಡಿಯವರೂ ಮರುಮಾತಿಲ್ಲದೆ ಒಂದು ಸಣ್ಣ ಕೊಳವೆಯನ್ನು ಕೈಗಿಡುತ್ತಾರೆ. ವೈದ್ಯರ ಬಳಿಗೆ ಹೋಗಿ ರೋಗವೇನೆಂಬುದನ್ನು ತಿಳಿಸದೆ "ಎಲ್ಲಕ್ಕಿಂತ ತೀಕ್ಷ್ಣವಾದ ಔಷಧವನ್ನು ಕೊಡಿ" ಎಂದು ಕೇಳುವವರನ್ನು ಕಂಡರೆ ನಮಗೆ ನಗೆ ಬರುತ್ತದೆ; ಅಂಟಿನ ವಿಷಯದಲ್ಲಿ ಮಾತ್ರ ಬರುವುದಿಲ್ಲ. ಗಟ್ಟಿಯಾದ ಅಂಟು ಎಂಬುದು ತಾನೇ ತಾನಾಗಿ ಯಾವುದೂ ಇಲ್ಲ. ಇಂಥ ಪದಾರ್ಥಕ್ಕೆ, ಇಂಥ ಕೆಲಸಕ್ಕೆ ಗಟ್ಟಿಯಾದುದು ಎಂಬುದು ಮಾತ್ರ ಉಂಟು. ದೊರೆತಿರುವ ಅಲ್ಪ ಕಾಲದಲ್ಲಿ ಈ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ನಮ್ಮ ಉದ್ದೇಶ.

ಹಿಂದಿನವರಿಗೆ ಈ ತೊಡಕು ಇರಲಿಲ್ಲ. ಮರಕ್ಕೆ ಸರೇಸು, ಹಿತ್ತಾಳೆಗೆ ಬೆಸುಗೆ, ಕಾಗದಕ್ಕೆ ಗೋಂದು, ಟೊಳ್ಳಾದ ಒಡವೆಯ ಒಳಗೆ ತುಂಬಲು ಅರಗು ಎಂದು, ಯಾವುದಕ್ಕೆ ಯಾವುದೆಂಬುದು ಮನೆಯ ಹೆಂಗಸರಿಗೂ ಬೀದಿಯ ಬಡಗಿಗೂ ಗೊತ್ತಿದ್ದಿತು. ಮರವನ್ನು ನೋಡಿದೊಡನೆ ಅದು ಮರವೆಂದು ತಿಳಿಯುತ್ತಿತ್ತು. ಪ್ಲಾಸ್ಟಿಕ್ಕಿಗಾದರೋ ಹೆಸರು ಒಂದು, ಕುಲ ಹಲವು. ಸ್ನಾನದ ಮನೆಯ ಬಕೆಟ್ಟು, ದೂರದರ್ಶನ ಪೆಟ್ಟಿಗೆಯ ಹಿಂಬದಿ, ಕನ್ನಡಕದ ಚೌಕಟ್ಟು, ನೀರಿನ ಕೊಳವೆ, ಅಡಿಗೆಮನೆಯ ಡಬ್ಬಿ, ಗೋಡೆಯ ಮೇಲಿನ ಹಳೆಯ ಸ್ವಿಚ್ಚು, ಇವೆಲ್ಲವೂ ನಮ್ಮ ಮಾತಿನಲ್ಲಿ ಪ್ಲಾಸ್ಟಿಕ್ಕೇ. ಅಂಟಿನ ದೃಷ್ಟಿಯಿಂದ ನೋಡಿದರೆ ಇವು ಮರಕ್ಕೂ ಹಿತ್ತಾಳೆಗೂ ಇರುವಷ್ಟೇ ದೂರದ ನೆಂಟರು.

ಅಂಟು ಏಕೆ ಅಂಟುತ್ತದೆ? ಯಾವ ಅಂಟೇ ಆಗಲಿ, ಹಿಡಿಯುವುದಕ್ಕೆ ಮೊದಲು ಅದು ವಸ್ತುವಿನ ಮೈಯನ್ನು ಚೆನ್ನಾಗಿ ತೋಯಿಸಬೇಕು. ಕೆಸುವಿನ ಎಲೆಯ ಮೇಲೆ ನೀರು ಚಿಮುಕಿಸಿದರೆ ಹನಿಗಳು ಮುತ್ತಿನಂತೆ ಉರುಳಿಹೋಗುತ್ತವೆಯೇ ಹೊರತು ಎಲೆಯನ್ನು ತೋಯಿಸುವುದಿಲ್ಲ. ಅದೇ ನೀರು ಶುಭ್ರವಾದ ಗಾಜಿನ ಮೇಲೆ ಹರಡಿ ನಿಲ್ಲುತ್ತದೆ. ಪ್ರತಿಯೊಂದು ಪದಾರ್ಥದ ಮೈಗೂ ಒಂದು ಸೆಳೆತವುಂಟು. ವಿಜ್ಞಾನಿಗಳು ಇದನ್ನು ಸೆಂಟಿಮೀಟರಿಗೆ ಇಷ್ಟು ಡೈನ್ ಎಂದು ಅಳೆಯುತ್ತಾರೆ. ಕೊಡ, ಪೀಪಾಯಿಗಳನ್ನು ಮಾಡುವ ಪಾಲಿಎಥಿಲೀನಿಗೆ ಇದು ಸುಮಾರು 31. ಕುರ್ಚಿ, ಡಬ್ಬಿಗಳ ಪಾಲಿಪ್ರೊಪಿಲೀನಿಗೆ ಸುಮಾರು 30. ಎಪಾಕ್ಸಿ ಎಂಬ ಅಂಟಿನ ಸ್ವಂತ ಸೆಳೆತವೇ 40ನ್ನು ಮೀರುತ್ತದೆ. ತನ್ನ ಸೆಳೆತವೇ ಹೆಚ್ಚಾಗಿರುವ ದ್ರವವು ಇಂತಹ ಮೈಯ ಮೇಲೆ ಹರಡುವುದರ ಬದಲು ಹನಿಗೂಡಿ ಮುದುಡಿಕೊಳ್ಳುತ್ತದೆ. ಆದುದರಿಂದ ಕಬ್ಬಿಣವನ್ನು ಬಿಡದೆ ಹಿಡಿಯುವ ಅಂಟು ಬಕೆಟ್ಟಿನ ಮೇಲಿಂದ ಮಾರನೆಯ ದಿನ ಹಪ್ಪಳದಂತೆ ಎದ್ದು ಬಂದರೆ ಅದು ಅಂಟಿನ ದೋಷವಲ್ಲ. ಬಕೆಟ್ಟಿನ ಜಾತಿಯೇ ಕೆಸುವಿನ ಎಲೆಯ ಜಾತಿ.

ಆದಕಾರಣ ಮೊದಲು ಮಾಡಬೇಕಾದ ಕೆಲಸ ಕುಲವನ್ನು ಗೊತ್ತುಮಾಡಿಕೊಳ್ಳುವುದು. ಸಾಮಾನಿನ ತಳವನ್ನು ತಿರುಗಿಸಿ ನೋಡಿದರೆ ಹಲವು ವೇಳೆ ತ್ರಿಕೋನದೊಳಗೆ ಒಂದು ಅಂಕಿ ಕಾಣುತ್ತದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಹಳೆಯ ಸಾಮಾನುಗಳನ್ನು ವಿಂಗಡಿಸುವುದಕ್ಕೆಂದು ಏರ್ಪಡಿಸಿದ ಗುರುತು ಇದು. ರಿಪೇರಿ ಮಾಡುವವರಿಗೂ ಇದರಿಂದ ಮಹೋಪಕಾರವಾಗಿದೆ. 2 ಮತ್ತು 4 ಪಾಲಿಎಥಿಲೀನ್, 5 ಪಾಲಿಪ್ರೊಪಿಲೀನ್, 3 ಪಿವಿಸಿ, 6 ಪಾಲಿಸ್ಟೈರೀನ್. 7 ಎಂದರೆ ಉಳಿದವೆಲ್ಲ, ಎಂದರೆ ಏನನ್ನೂ ಹೇಳದ ಅಂಕಿ. ಗುರುತಿಲ್ಲದಿದ್ದರೆ ಒಂದು ಚೂರನ್ನು ನೀರಿಗೆ ಹಾಕಿ, ಗಾಳಿಗುಳ್ಳೆಗಳು ಹತ್ತಿಕೊಳ್ಳದಂತೆ ಬೆರಳಿನಿಂದ ಮುಳುಗಿಸಿ ಬಿಡಬೇಕು. ತೇಲಿದರೆ ಅದು ಬಹುಮಟ್ಟಿಗೆ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಉಗುರಿನಿಂದ ಕೆರೆದರೆ ಮೇಣದಂತೆ ಜಾರುವುದೂ ಇವುಗಳ ಲಕ್ಷಣ. ಮುಳುಗಿದರೆ ಬೇರೆ ಕುಲ. ಮುಳುಗಿದ ಚೂರಿನ ಮೇಲೆ ಅಸಿಟೋನಿನ ಒಂದು ಹನಿಯನ್ನಿಟ್ಟು ನೋಡಬಹುದು; ಉಗುರುಬಣ್ಣ ತೆಗೆಯುವ ಕೆಲವು ದ್ರವಗಳಲ್ಲಿರುವುದು ಇದೇ. ಮೈ ಜಿಗುಟಾದರೆ ಅದು ಎಬಿಎಸ್, ಪಾಲಿಸ್ಟೈರೀನ್, ಅಕ್ರಿಲಿಕ್ ಮುಂತಾದ, ಕರಗುವ ಕುಲಕ್ಕೆ ಸೇರಿದ್ದು. ಸುಟ್ಟು ವಾಸನೆ ನೋಡುವ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ. ನಾವು ಅದನ್ನು ಹೇಳುವುದಿಲ್ಲ. ಪಿವಿಸಿ ಸುಟ್ಟರೆ ಹೊರಡುವ ಹೈಡ್ರೋಜನ್ ಕ್ಲೋರೈಡ್ ಮೂಗಿಗೂ ಶ್ವಾಸಕೋಶಕ್ಕೂ ಹಿತವಾದುದಲ್ಲ.

ಇನ್ನೊಂದು ಭೇದವನ್ನೂ ತಿಳಿದಿರಬೇಕು. ಅರಗು ಕಾಯಿಸಿದಷ್ಟು ಸಲವೂ ಕರಗುತ್ತದೆ. ಚನ್ನಪಟ್ಟಣದ ಕುಶಲಿಗಳು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ತಿಕ್ಕಾಟದ ಬಿಸಿಯಿಂದಲೇ ಅದನ್ನು ಬಣ್ಣವಾಗಿ ಏರಿಸುವುದು ಈ ಗುಣದಿಂದ. ಇಟ್ಟಿಗೆಯಾದರೋ ಒಮ್ಮೆ ಬೆಂದ ಮೇಲೆ ಮತ್ತೆ ಜೇಡಿಯಾಗುವುದಿಲ್ಲ. ಪ್ಲಾಸ್ಟಿಕ್ಕುಗಳಲ್ಲಿಯೂ ಅರಗಿನ ಜಾತಿ, ಇಟ್ಟಿಗೆಯ ಜಾತಿ ಎಂದು ಎರಡುಂಟು. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಿಯೋ ಬೇಕಲೆಂಡ್ 1907ರಲ್ಲಿ ಕಂಡುಹಿಡಿದ ಬೇಕಲೈಟ್ ಇಟ್ಟಿಗೆಯ ಜಾತಿಯದು. ಅದನ್ನು ಕರಗಿಸಿ ಕೂಡಿಸುವ ಉಪಾಯವಿಲ್ಲ, ಹೊರಗಿನಿಂದ ಅಂಟು ತಂದೇ ಕೂಡಿಸಬೇಕು.

ಕರಗುವ ಕುಲದವಕ್ಕೆ ಅಂಟೇ ಬೇಡವೆಂದು ನಮ್ಮ ಅಭಿಪ್ರಾಯ. ದ್ರಾವಕವೇ ಸಾಕು. ಎಬಿಎಸ್ ಎಂಬ ಪದಾರ್ಥದಿಂದ ಮಾಡಿದ ಆಟಿಕೆಯೋ ಯಂತ್ರದ ಹೊರಕವಚವೋ ಮುರಿದಿದ್ದರೆ ಎರಡು ಅಂಚುಗಳಿಗೂ ಅಸಿಟೋನನ್ನು ಕುಂಚದಿಂದ ಸವರಿ, ಮೈ ಮೃದುವಾದೊಡನೆ ಒತ್ತಿ ಹಿಡಿದರೆ ಎರಡು ಕಡೆಯ ಅಣುಶೃಂಖಲೆಗಳೂ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ದ್ರಾವಕ ಆರಿದ ಮೇಲೆ ಉಳಿಯುವುದು ಅಂಟಿನ ಪದರವಲ್ಲ, ಅದೇ ಪ್ಲಾಸ್ಟಿಕ್ಕು. ಚೂರು ಕಳೆದುಹೋಗಿ ಹಳ್ಳ ಬಿದ್ದಿದ್ದರೆ ಅದೇ ಪದಾರ್ಥದ ಒಂದಿಷ್ಟು ಹೆರೆಯನ್ನು ಗಾಜಿನ ಸೀಸೆಯಲ್ಲಿ ಅಸಿಟೋನಿನೊಡನೆ ಒಂದು ರಾತ್ರಿ ಬಿಡಬೇಕು. ಬೆಳಿಗ್ಗೆಗೆ ಅದು ಜೇನಿನಂತಹ ಲೇಹ್ಯವಾಗಿರುತ್ತದೆ. ಇದಕ್ಕಿಂತ ಒಳ್ಳೆಯ ಮೆತ್ತು ಹಣ ಕೊಟ್ಟರೂ ಸಿಕ್ಕುವುದಿಲ್ಲ. ತೆಳುವಾಗಿ ಪದರಪದರವಾಗಿ ಹಾಕಬೇಕು. ಒಮ್ಮೆಗೇ ತುಂಬಿದರೆ ಆರುವಾಗ ಕುಗ್ಗಿ ಮತ್ತೆ ಹಳ್ಳ ಬೀಳುತ್ತದೆ. ಕೊಳಾಯಿ ಕೆಲಸದವರು ಪಿವಿಸಿ ಕೊಳವೆಗಳಿಗೆ ಹಚ್ಚುವುದೂ ಈ ಬಗೆಯ ವಸ್ತುವೇ: ಟೆಟ್ರಾಹೈಡ್ರೋಫ್ಯೂರಾನ್ ಮುಂತಾದ ದ್ರಾವಕಗಳಲ್ಲಿ ಪಿವಿಸಿಯನ್ನೇ ಕರಗಿಸಿದ್ದು. ಕನ್ನಡಕದ ಚೌಕಟ್ಟು ಸೆಲ್ಯುಲೋಸ್ ಅಸಿಟೇಟಿನದಾದರೆ ಅಸಿಟೋನಿನಿಂದ ಕೂಡುತ್ತದೆ, ನೈಲಾನಿನದಾದರೆ ಕೂಡುವುದಿಲ್ಲ. ಪಾಲಿಕಾರ್ಬೊನೇಟ್ ಎಂಬ ಸ್ವಚ್ಛವಾದ ಗಡಸು ಪ್ಲಾಸ್ಟಿಕ್ಕಿಗೆ ಮಾತ್ರ ಅಸಿಟೋನನ್ನು ತಾಗಿಸಬಾರದು. ಅದು ಬೆಳ್ಳಗಾಗಿ, ಕಣ್ಣಿಗೆ ಕಾಣದ ಬಿರುಕುಗಳು ಹರಡುತ್ತವೆ. ಈ ದ್ರಾವಕಗಳೆಲ್ಲ ಬೆಂಕಿಗೆ ಬಹು ಬೇಗ ಹತ್ತಿಕೊಳ್ಳತಕ್ಕವು. ಅಡಿಗೆಮನೆ ಇವಕ್ಕೆ ತಕ್ಕ ಸ್ಥಳವಲ್ಲ, ಕಿಟಕಿ ತೆರೆದ ಪಡಸಾಲೆಯೇ ಸರಿ.

ಇನ್ನು, ಒಂದೇ ತೊಟ್ಟಿನಿಂದ ಕ್ಷಣಮಾತ್ರದಲ್ಲಿ ಹಿಡಿಯುವ, ನಮ್ಮಲ್ಲಿ ಫೆವಿಕ್ವಿಕ್ ಮುಂತಾದ ಹೆಸರುಗಳಿಂದ ಮನೆಮಾತಾಗಿರುವ ಅಂಟು. ಇದರ ಚರಿತ್ರೆ ಸ್ವಾರಸ್ಯವಾದುದು. 1942ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಹ್ಯಾರಿ ಕೂವರ್ ಎಂಬ ರಸಾಯನಶಾಸ್ತ್ರಜ್ಞರು ಬಂದೂಕದ ಗುರಿದರ್ಶಕಕ್ಕೆ ತಕ್ಕ ನಿರ್ಮಲ ಪ್ಲಾಸ್ಟಿಕ್ಕನ್ನು ಹುಡುಕುತ್ತಿದ್ದರು. ಸಯನೋಅಕ್ರಿಲೇಟ್ ಎಂಬ ಪದಾರ್ಥ ಮುಟ್ಟಿದ್ದಕ್ಕೆಲ್ಲ ಅಂಟಿಕೊಂಡು ಕಾಟ ಕೊಟ್ಟಿತೆಂದು ಅದನ್ನು ಬಿಟ್ಟುಬಿಟ್ಟರು. 1951ರಲ್ಲಿ ಕೂವರ್ ಮತ್ತು ಅವರ ಸಹೋದ್ಯೋಗಿ ಫ್ರೆಡ್ ಜಾಯ್ನರ್ ಅದನ್ನು ಮತ್ತೆ ಕೈಗೆತ್ತಿಕೊಂಡಾಗ ಆ ಕಾಟವೇ ಗುಣವಾಗಿ ಕಂಡಿತು. 1958ರಲ್ಲಿ ಅದು ಪೇಟೆಗೆ ಬಂದಿತು. ವಸ್ತುಗಳ ಮೈಮೇಲೆ ಸದಾ ಇರುವ ತೇವದ ಲೇಶವೇ ಇದನ್ನು ಗಟ್ಟಿಗೊಳಿಸುವುದು. ಆದುದರಿಂದ ಹೆಚ್ಚು ಹಾಕಿದರೆ ಹೆಚ್ಚು ಹಿಡಿಯುತ್ತದೆಂಬುದು ಸುಳ್ಳು. ಪದರ ತೆಳುವಾದಷ್ಟೂ ಬಲ; ದಪ್ಪವಾದರೆ ನಡುವಣ ಅಂಟು ಹಸಿಯಾಗಿಯೇ ಉಳಿಯುತ್ತದೆ.

ಮುರಿದ ಎರಡು ಮುಖಗಳೂ ಒಂದಕ್ಕೊಂದು ಕಚ್ಚಿ ಕೂಡುವಂತಿದ್ದರೆ, ವಸ್ತು ಗಡಸಾಗಿದ್ದರೆ, ಇದು ಯೋಗ್ಯವಾದ ಅಂಟು. ಬಾಗುವ, ಬಡಿತ ತಿನ್ನುವ, ಬಿಸಿನೀರಿನಲ್ಲಿ ನೆನೆಯುವ ವಸ್ತುಗಳಿಗೆ ಇದು ಸಲ್ಲದು. ನೇರವಾಗಿ ಎಳೆದರೆ ಬಿಡದ ಈ ಅಂಟು ಬಡಿತಕ್ಕೆ ಗಾಜಿನಂತೆ ಸಿಡಿಯುತ್ತದೆ. ಸಣ್ಣ ಸಂದುಗಳಿದ್ದರೆ ಅಡಿಗೆ ಸೋಡದ ಪುಡಿಯನ್ನು ತುಂಬಿ ಅದರ ಮೇಲೆ ಈ ಅಂಟಿನ ಹನಿಯನ್ನು ಬಿಡುವ ಉಪಾಯವೊಂದುಂಟು. ಪುಡಿ ತಕ್ಷಣವೇ ಕಲ್ಲಾಗುತ್ತದೆ, ಅರದಿಂದ ಉಜ್ಜಿ ನಯ ಮಾಡಬಹುದು. ತಿರುಪಿನ ರಂಧ್ರ ಸವೆದುಹೋದಲ್ಲಿಗೆ ಇದು ಬಹಳ ಅನುಕೂಲ. ಹತ್ತಿಬಟ್ಟೆಯ ಮೇಲೆ ಮಾತ್ರ ಈ ಅಂಟನ್ನು ಚೆಲ್ಲಬಾರದು. ಹತ್ತಿಯೊಡನೆ ಕೂಡಿದರೆ ಮೈ ಸುಡುವಷ್ಟು ಬಿಸಿ ಹುಟ್ಟುತ್ತದೆ. ಬೆರಳುಗಳು ಕೂಡಿಕೊಂಡರೆ ಕೀಳದೆ ಬೆಚ್ಚನೆಯ ಸಾಬೂನುನೀರಿನಲ್ಲಿ ನೆನೆಸಿ ಮೆಲ್ಲನೆ ಬಿಡಿಸಬೇಕು. ಕಣ್ಣಿಗೆ ಸಿಡಿದರೆ ಮನೆಮದ್ದು ಬೇಡ, ವೈದ್ಯರಲ್ಲಿಗೇ ಹೋಗಬೇಕು.

ಅರಾಲ್ಡೈಟ್ ಎಂಬ ಹೆಸರಿನಿಂದ 1946ರಲ್ಲಿ ಪೇಟೆಗೆ ಬಂದ ಎಪಾಕ್ಸಿಯಲ್ಲಿ ಎರಡು ಭಾಗ: ಒಂದು ರಾಳ, ಇನ್ನೊಂದು ಅದನ್ನು ಗಡಸುಗೊಳಿಸುವ ವಸ್ತು. ಇವು ಬೆರೆತು ಒಂದು ಹೊಸ ಪದಾರ್ಥವಾಗಬೇಕಾದ್ದರಿಂದ ಅಳತೆ ತಪ್ಪಬಾರದು. ಬೇಗ ಆಗಲೆಂದು ಎರಡನೆಯದನ್ನು ಹೆಚ್ಚು ಹಾಕಿದರೆ ಅದು ಎಂದಿಗೂ ಸರಿಯಾಗಿ ಗಟ್ಟಿಯಾಗದು. ಐದು ನಿಮಿಷದಲ್ಲಿ ಹಿಡಿಯುವ ಬಗೆಗಿಂತ ಒಂದು ದಿನ ತೆಗೆದುಕೊಳ್ಳುವ ಬಗೆಯೇ ಸಾಮಾನ್ಯವಾಗಿ ಹೆಚ್ಚು ಬಲವುಳ್ಳದ್ದು, ನೀರಿಗೂ ಹೆಚ್ಚು ತಡೆಯುವಂಥದು. ಅವಸರ ಬಡಗಿಗೂ ಒಳ್ಳೆಯದಲ್ಲ, ಅಂಟಿಗೂ ಒಳ್ಳೆಯದಲ್ಲ. ಸಂದು ತುಂಬುವ ಗುಣ ಇದಕ್ಕುಂಟು. ಇಟ್ಟಿಗೆಯ ಜಾತಿಯ ಬೇಕಲೈಟಿಗೆ ಇದು ತಕ್ಕ ಜೋಡಿ.

ರೇಡಿಯೋ ಕೇಳುವವರಿಗೆ ಇದರ ಉದಾಹರಣೆಯನ್ನು ದೂರದಿಂದ ತರಬೇಕಾಗಿಲ್ಲ. ಇಂಗ್ಲೆಂಡಿನ ಎಕೋ ಸಂಸ್ಥೆಯವರು ವೆಲ್ಸ್ ಕೋಟ್ಸ್ ಅವರಿಂದ ರೂಪಿಸಿ 1934ರಲ್ಲಿ ಹೊರತಂದ ದುಂಡನೆಯ ರೇಡಿಯೋ ಬೇಕಲೈಟಿನದೇ. ಅಂಥ ಹಳೆಯ ಪೆಟ್ಟಿಗೆ ಬಿರುಕು ಬಿಟ್ಟಿದ್ದರೆ ಒಳಮೈಯನ್ನು ಉಪ್ಪುಕಾಗದದಿಂದ ಒರಟು ಮಾಡಿ, ಸ್ಪಿರಿಟ್ಟಿನಿಂದ ಒರೆಸಿ, ನಿಧಾನದ ಎಪಾಕ್ಸಿಯಲ್ಲಿ ತೋಯಿಸಿದ ಗಾಜಿನ ನೂಲಿನ ಬಟ್ಟೆಯ ಪಟ್ಟಿಯನ್ನು ಬಿರುಕಿನ ಉದ್ದಕ್ಕೂ ಒಳಗಿನಿಂದ ಹಾಸಬೇಕು. ಹೊರಗಿನ ಗೆರೆಗೆ ಸ್ವಲ್ಪ ಕಾಡಿಗೆಪುಡಿ ಬೆರೆಸಿದ ಎಪಾಕ್ಸಿ ಸಾಕು. ಹೀಗೆ ಪಟ್ಟಿ ಹಾಸುವುದರಲ್ಲಿ ಒಂದು ತತ್ತ್ವವಿದೆ. ಮುರಿದ ಅಂಚಿಗೆ ಅಂಚನ್ನು ಮಾತ್ರ ಕೂಡಿಸಿದರೆ ಅಂಟಿಗೆ ಸಿಗುವ ನೆಲ ಮೂರು ಮಿಲಿಮೀಟರಿನ ಒಂದು ಗೆರೆ; ಹಿಂದೆ ಪಟ್ಟಿ ಕೊಟ್ಟರೆ ಅಂಗೈಯಗಲ. ಅಂಚೆಯ ಚೀಟಿಯನ್ನು ಮೈಗುಂಟ ಎಳೆದರೆ ಬರುವುದಿಲ್ಲ, ಮೂಲೆಯಿಂದ ಎತ್ತಿದರೆ ಸುಲಭವಾಗಿ ಬರುತ್ತದೆ. ಕೂಡಿಸುವವನು ತನ್ನ ಜೋಡಣೆಗೆ ಮೈಗುಂಟದ ಎಳೆತ ಬರುವಂತೆ ನೋಡಿಕೊಳ್ಳಬೇಕೇ ಹೊರತು ಮೂಲೆ ಎತ್ತುವ ಎಳೆತ ಬರುವಂತೆ ಅಲ್ಲ.

ಕಣಕದಂತೆ ನಾದಿ ಮೆತ್ತುವ ಎಂ-ಸೀಲ್ ಮುಂತಾದುವೂ ಎಪಾಕ್ಸಿಯೇ, ಪುಡಿ ಸೇರಿಸಿ ಗಟ್ಟಿ ಮಾಡಿದ್ದು. ಇವು ತುಂಬುವ ವಸ್ತುಗಳು, ಹಿಡಿಯುವ ವಸ್ತುಗಳಲ್ಲ. ಕಿತ್ತುಹೋದ ಮೂಲೆಯನ್ನು ಕಟ್ಟುವುದಕ್ಕೆ, ಒಸರುವ ಕೀಲನ್ನು ಮುಚ್ಚುವುದಕ್ಕೆ ಇವು ಬೇಕು. ಭಾರ ಹೊರುವ ಕಾಲಿಗೆ ಇವನ್ನು ಉಂಡೆಗಟ್ಟಿ ಮೆತ್ತಿ, ನೋಡುವುದಕ್ಕೆ ದಪ್ಪವಾಗಿದೆಯೆಂಬ ಧೈರ್ಯದಿಂದ ಕುಳಿತುಕೊಳ್ಳುವುದು ಅಪಾಯ. ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಹೀಗೆ ಮೆತ್ತಿದ ಕುರ್ಚಿಯೊಂದು ಎರಡು ವಾರ ಸುಮ್ಮನಿದ್ದು, ಮೂರನೆಯ ವಾರ ಅವರ ವೃದ್ಧೆಯಾದ ತಾಯಿ ಕುಳಿತಾಗ ಕಾಲು ಕಳಚಿತು. ಆಕೆಯ ತೊಡೆಯ ಮೂಳೆ ಮುರಿಯಿತು. ಕುರ್ಚಿಯ ಬೆಲೆ ಕೆಲವು ನೂರು ರೂಪಾಯಿ. ಆಕೆ ಆಮೇಲೆ ಊರುಗೋಲಿಲ್ಲದೆ ನಡೆಯಲಿಲ್ಲ.

ಆ ಕುರ್ಚಿ ಪಾಲಿಪ್ರೊಪಿಲೀನಿನದು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಮುರಿಯುವ ಕುರ್ಚಿ, ಬಕೆಟ್ಟು, ಕೊಡ, ಬುಟ್ಟಿಗಳೆಲ್ಲ ಈ ಎರಡು ಜಾರುವ ಕುಲದವೇ ಆದುದರಿಂದ ಇವುಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇವುಗಳ ಮೈಯನ್ನು ಅಂಟಿಗೆ ಒಪ್ಪಿಸುವ ಉಪಾಯಗಳು ಇಲ್ಲದಿಲ್ಲ. ಮೊದಲು ಸವರುವ ಒಂದು ಬಗೆಯ ಪೂರ್ವಲೇಪವೂ ಅದರೊಡನೆ ಸಯನೋಅಕ್ರಿಲೇಟೂ ಜೊತೆಯಾಗಿ ಸಿಗುತ್ತವೆ. ಈ ಕುಲಕ್ಕೆಂದೇ ತಯಾರಿಸಿದ ಎರಡು ಭಾಗದ ಅಕ್ರಿಲಿಕ್ ಅಂಟುಗಳೂ ಇವೆ, ಬೆಲೆ ಬಹಳ. ಅನಿಲದ ಜ್ವಾಲೆಯ ತುದಿಯನ್ನು ಮೈಮೇಲೆ ಕ್ಷಣಮಾತ್ರ ಓಡಿಸಿದರೆ ಮೇಲ್ಪದರಕ್ಕೆ ಆಮ್ಲಜನಕ ಸೇರಿ ಸೆಳೆತ ಹೆಚ್ಚುತ್ತದೆ. ಆಗ ನೀರು ಚಿಮುಕಿಸಿ ನೋಡಿದರೆ ಮುತ್ತಿನಂತೆ ಉರುಳದೆ ಹರಡುತ್ತದೆ. ಕಾರ್ಖಾನೆಗಳಲ್ಲಿ ಈ ಮೈಯ ಮೇಲೆ ಬಣ್ಣದ ಅಕ್ಷರಗಳನ್ನು ಅಚ್ಚು ಹಾಕುವ ಮೊದಲು ಇಂತಹ ಸಂಸ್ಕಾರವನ್ನು ಮಾಡುತ್ತಾರೆ.

ಆದರೆ ಇವಕ್ಕೆ ನಿಜವಾದ ಮದ್ದು ಬೆಸುಗೆ. ಪ್ಲಾಸ್ಟಿಕ್ ಕೊಡಗಳಿಗೆ ತೇಪೆ ಹಾಕುವುದಾಗಿ ಕೂಗುತ್ತ ಬೀದಿಗೆ ಬರುತ್ತಿದ್ದವರನ್ನು ನಾವು ನೋಡಿದ್ದೇವೆ. ಅವರ ಸಾಮಗ್ರಿ ಒಂದು ಕೆಂಡದ ಒಲೆ, ಎರಡು ಕಬ್ಬಿಣದ ಕಡ್ಡಿ, ಒಂದು ಚೀಲದ ತುಂಬ ಹಳೆಯ ಚೂರು. ಕೊಡವನ್ನು ಬೆರಳಿನಿಂದ ತಟ್ಟಿ, ಉಗುರಿನಿಂದ ಕೆರೆದು, ಚೀಲದಿಂದ ಅದೇ ಜಾತಿಯ ಚೂರನ್ನು ಆರಿಸುತ್ತಿದ್ದರು. ಬಣ್ಣ ಹೊಂದದಿದ್ದರೂ ಅವರಿಗೆ ಚಿಂತೆಯಿರಲಿಲ್ಲ, ಜಾತಿ ಹೊಂದಬೇಕಾಗಿತ್ತು. ಪಾಲಿಎಥಿಲೀನಿಗೆ ಪಾಲಿಪ್ರೊಪಿಲೀನ್ ಬೆಸೆಯುವುದಿಲ್ಲವೆಂಬ ವಿಷಯವನ್ನು ನಾವು ಪುಸ್ತಕದಲ್ಲಿ ಓದಿದೆವು. ಅವರು ಅದನ್ನು ಬೆರಳಲ್ಲಿ ಇಟ್ಟುಕೊಂಡಿದ್ದರು.

ಈ ಕೆಲಸವನ್ನು ಮನೆಯಲ್ಲಿಯೂ ಮಾಡಬಹುದು. ಮೊದಲು ಬಿರುಕಿನ ಎರಡು ತುದಿಗಳಲ್ಲಿಯೂ ಎರಡು ಮೂರು ಮಿಲಿಮೀಟರಿನ ಒಂದೊಂದು ದುಂಡು ರಂಧ್ರವನ್ನು ಕೊರೆಯಬೇಕು. ಬಿರುಕನ್ನು ಮುಚ್ಚಬೇಕಾದವರು ಹೊಸದಾಗಿ ತೂತು ಕೊರೆಯುವುದು ವಿಚಿತ್ರವಾಗಿ ಕಾಣಬಹುದು. ಕಾರಣವೇನೆಂದರೆ, ಬಿರುಕಿನ ತುದಿ ಚೂಪಾದಷ್ಟೂ ಅಲ್ಲಿ ಒತ್ತಡ ಹಲವು ಪಾಲು ಹೆಚ್ಚುತ್ತದೆಂದು ಇಂಗ್ಲೆಂಡಿನ ಇಂಗ್ಲಿಸ್ ಎಂಬ ವಿದ್ವಾಂಸರು 1913ರಲ್ಲಿ ಗಣಿತದಿಂದ ತೋರಿಸಿಕೊಟ್ಟರು. ತುದಿ ದುಂಡಾದರೆ ಒತ್ತಡ ಹರಡಿಹೋಗಿ ಬಿರುಕು ನಿಲ್ಲುತ್ತದೆ. ಬಳಿಕ ಬಿರುಕಿನ ಉದ್ದಕ್ಕೂ ಕಾಲುವೆಯಂತೆ ಕೆತ್ತಿ, ವಿದ್ಯುತ್ತಿನ ಬೆಸುಗೆ ಕಡ್ಡಿಯಿಂದ ಎರಡು ಅಂಚುಗಳನ್ನೂ ಕರಗಿಸಿ, ಅದೇ ಅಂಕಿಯುಳ್ಳ ಹಳೆಯ ಮುಚ್ಚಳದಿಂದ ಕತ್ತರಿಸಿದ ಪಟ್ಟಿಯನ್ನು ಆ ಕಾಲುವೆಗೆ ಕರಗಿಸಿ ತುಂಬಬೇಕು. ಗಟ್ಟಿಯಾದ ಪಾಲಿಎಥಿಲೀನ್ 130 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ, ಪಾಲಿಪ್ರೊಪಿಲೀನ್ 165ರ ಸುಮಾರಿಗೆ ಕರಗುತ್ತವೆ. ಕಡ್ಡಿ ಅದಕ್ಕಿಂತ ಬಹಳ ಬಿಸಿಯಾದ್ದರಿಂದ ಒಂದೇ ಕಡೆ ನಿಲ್ಲಿಸಿದರೆ ಪದಾರ್ಥ ಸೀದುಹೋಗುತ್ತದೆ. ಬಲ ಬೇಕಾದಲ್ಲಿ ತುಕ್ಕುಹಿಡಿಯದ ಉಕ್ಕಿನ ಸಣ್ಣ ಬಲೆಯ ತುಂಡೊಂದನ್ನು ಕರಗಿದ ಮೈಯೊಳಗೆ ಅದುಮಬಹುದು. ಪಿವಿಸಿಗೆ ಮಾತ್ರ ಈ ಕಡ್ಡಿಯನ್ನು ತಾಗಿಸಕೂಡದು. ಮೇಲೆ ಹೇಳಿದ ಹೊಗೆಯೇ ಕಾರಣ.

ಯಾವ ಉಪಾಯವೂ ಸಲ್ಲದ ಸ್ಥಿತಿಗಳೂ ಉಂಟು. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಕುರ್ಚಿಯ ಮೈಯನ್ನು ಒರೆಸಿದರೆ ಬೆರಳಿಗೆ ಸುಣ್ಣದಂತಹ ಪುಡಿ ಹತ್ತುತ್ತದೆ. ಬಿಸಿಲಿನ ಅತಿನೇರಿಳೆ ಕಿರಣಗಳು ಅದರ ಅಣುಶೃಂಖಲೆಗಳನ್ನು ಕಡಿದುಹಾಕಿರುತ್ತವೆ. ಬೆಸೆದ ಜಾಗ ನಿಂತರೂ ಅದರ ಪಕ್ಕದಲ್ಲಿಯೇ ಮತ್ತೆ ಮುರಿಯುತ್ತದೆ. ದ್ವಿಚಕ್ರವಾಹನದ ಶಿರಸ್ತ್ರಾಣ ಬಿರಿದರೆ ಅದಕ್ಕೆ ಅಂಟು ಹಚ್ಚಬಾರದು. ಒಳಗಿನ ಪದರ ಒಂದು ಪೆಟ್ಟನ್ನು ನುಂಗಿ ಕುಗ್ಗಿಹೋದ ಮೇಲೆ ಎರಡನೆಯದನ್ನು ತಡೆಯುವುದಿಲ್ಲ. ಕುಕ್ಕರಿನ ಬೇಕಲೈಟ್ ಹಿಡಿ ಮುರಿದರೆ ಹೊಸ ಹಿಡಿಯನ್ನೇ ತರಬೇಕು; ಸಾಮಾನ್ಯ ಎಪಾಕ್ಸಿ 60 ಡಿಗ್ರಿಯಿಂದಾಚೆಗೆ ಮೆತ್ತಗಾಗತೊಡಗುತ್ತದೆ, ಕುಕ್ಕರಿನ ಬಿಸಿ ಅದರ ಎರಡರಷ್ಟು. ಬಿರಿದ ಸ್ವಿಚ್ಚು, ಪ್ಲಗ್ಗುಗಳನ್ನು ಕೂಡಿಸುವ ಮಾತೇ ಬೇಡ. ಏಣಿಯೂ ಹಾಗೆಯೇ.

ಇವನ್ನು ಬಿಟ್ಟರೆ ಉಳಿದವನ್ನು ಧೈರ್ಯವಾಗಿ ಕೂಡಿಸಬಹುದು. ಎಪಾಕ್ಸಿ ಹಾಕಿದ ವಸ್ತುವನ್ನು ಒಂದು ದಿನ ಪೂರ್ತಿ ಅಲುಗಿಸದೆ ದಾರದಿಂದ ಕಟ್ಟಿ ಇಡಿ. ದ್ರಾವಕದಿಂದ ಕೂಡಿಸಿದ್ದಕ್ಕೆ ಎರಡು ದಿನ ಕೊಡಿ, ಏಕೆಂದರೆ ಮೇಲೆ ಆರಿದರೂ ಒಳಗಿನ ದ್ರಾವಕ ಹೊರಬರುವುದು ತಡ. ಬೆಸೆದ ಬಕೆಟ್ಟಾದರೆ ಅದು ತಣ್ಣಗಾದ ಮೇಲೆ ನೀರು ತುಂಬಿ ಒಣನೆಲದ ಮೇಲಿಟ್ಟು, ಒಂದು ಗಂಟೆಯ ತರುವಾಯ ಎತ್ತಿ ನೋಡಿ. ಕೆಳಗೆ ಒದ್ದೆಯ ಗುರುತಿಲ್ಲದಿದ್ದರೆ ಹಿಡಿಯನ್ನು ಹಿಡಿದು ಸ್ನಾನದ ಮನೆಗೆ ತೆಗೆದುಕೊಂಡು ಹೋಗಬಹುದು.